ಗಿಡಕ್ಕೆ ಹಸಿರು ಬೆಳಕು ಬೇಡ್ವಂತೆ, ನಿಜಾನಾ?

ನಾನು ಮನೆಯೊಳಗೆ ಲೈಟ್ ಹಾಕಿ ಗಿಡ ಬೆಳೆಸ್ತೀನಿ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಒಂದೇ, ಯಾವ ಬಣ್ಣದ ಲೈಟ್ ಹಾಕ್ಬೇಕು? ನಾನು ಬಾಯಿ ತೆಗೆಯೋಕೆ ಮುಂಚೆ ಅವರೇ ಉತ್ತರಾನೂ ಹೇಳಿಬಿಟ್ಟಿರ್ತಾರೆ: "ಕೆಂಪು ನೀಲಿ ಇದ್ರೆ ಸಾಕಂತಲ್ಲ, ಹಸಿರು ಬೆಳಕನ್ನ ಗಿಡ ಮುಟ್ಟೋದೇ ಇಲ್ವಂತೆ, ಅದನ್ನ ವಾಪಸ್ ಎಸೆಯೋದಕ್ಕೇ ಎಲೆ ಹಸಿರಾಗಿ ಕಾಣೋದಂತೆ."

ಚಿಕ್ಕ ಉತ್ತರ ಬೇಕಾದವರಿಗೆ: ಬಿಳಿ ಲೈಟ್ ಹಾಕಿ, ಗಿಡಕ್ಕೆ ಹತ್ತಿರ ಹಾಕಿ. ಇಷ್ಟು ಓದಿ ಹೋದ್ರೂ ನಿಮ್ಮ ಗಿಡಕ್ಕೇನೂ ನಷ್ಟ ಇಲ್ಲ. ಆದ್ರೆ ಆ "ಹಸಿರು ಬೆಳಕು ವೇಸ್ಟ್" ಅನ್ನೋ ಮಾತು ಇದ್ಯಲ್ಲ, ಅದನ್ನ ನಾನೂ ವರ್ಷಗಟ್ಟಲೆ ನಂಬಿ ಬೇರೆಯವರಿಗೂ ಹೇಳ್ಕೊಂಡು ತಿರುಗಿದ್ದೆ, ಹಾಗಾಗಿ ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಈ ನಂಬಿಕೆ ಎಲ್ಲಿಂದ ಬಂತು ಅಂತ ನೋಡೋಣ, ಯಾಕಂದ್ರೆ ಇದು ಸುಮ್ನೆ ಹುಟ್ಟಿದ ಗಾಳಿಮಾತಲ್ಲ. 1882ರಲ್ಲಿ ಎಂಗೆಲ್‌ಮನ್ ಅನ್ನೋ ಜರ್ಮನ್ ವಿಜ್ಞಾನಿ ಒಂದು ಸಖತ್ ಪ್ರಯೋಗ ಮಾಡಿದ. ದಾರದ ಥರ ಇರೋ ಹಸಿರು ಪಾಚಿಯ ಎಳೆ ಒಂದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಪ್ರಿಸಮ್‌ನಿಂದ ಕಾಮನಬಿಲ್ಲಿನ ಬಣ್ಣಗಳನ್ನ ಅದರ ಉದ್ದಕ್ಕೂ ಬೀಳಿಸಿದ, ಒಂದು ತುದೀಲಿ ಕೆಂಪು, ನಡುವೆ ಹಸಿರು, ಇನ್ನೊಂದು ತುದೀಲಿ ನೀಲಿ. ಆ ನೀರಿಗೆ ಆಕ್ಸಿಜನ್ ಇರೋ ಕಡೆ ಓಡೋ ಬ್ಯಾಕ್ಟೀರಿಯಾನ ಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ನೋಡಿದ್ರೆ ಬ್ಯಾಕ್ಟೀರಿಯಾ ಎಲ್ಲ ಕೆಂಪು ಬಿದ್ದ ಜಾಗದಲ್ಲಿ ಒಂದು ಗುಂಪು, ನೀಲಿ ಬಿದ್ದ ಜಾಗದಲ್ಲಿ ಒಂದು ಗುಂಪು, ಹಸಿರು ಬಿದ್ದ ಕಡೆ ಹೆಚ್ಚು ಜನಾನೇ ಇಲ್ಲ! ಅಂದ್ರೆ ದ್ಯುತಿಸಂಶ್ಲೇಷಣೆ ಆಗಿ ಆಕ್ಸಿಜನ್ ಬರ್ತಿದ್ದಿದ್ದು ಆ ಎರಡು ಕಡೆ. ಆಕ್ಸಿಜನ್ ಅಳೆಯೋಕೆ ಮೀಟರ್ ಇಲ್ಲದ ಕಾಲದಲ್ಲಿ ಬ್ಯಾಕ್ಟೀರಿಯಾನೇ ಮೀಟರ್ ಮಾಡ್ಕೊಂಡ ತಲೆಗೆ ಒಂದು ನಮಸ್ಕಾರ.

ಇದರ ಜೊತೆಗೆ ಪಠ್ಯಪುಸ್ತಕದ ಆ ಫೇಮಸ್ ಗ್ರಾಫ್, ಎಲ್ಲರೂ ನೋಡಿರ್ತೀರ, ಕ್ಲೋರೋಫಿಲ್ ಅಂದ್ರೆ ಪತ್ರಹರಿತ್ತು ಎಷ್ಟೆಷ್ಟು ಬೆಳಕು ಹೀರುತ್ತೆ ಅಂತ ತೋರಿಸೋದು. 430 ನ್ಯಾನೋಮೀಟರ್ (ಬೆಳಕಿನ ತರಂಗಾಂತರದ ಅಳತೆ, ಬಣ್ಣ ಗುರುತಿಸೋ ನಂಬರ್ ಅನ್ಕೊಳ್ಳಿ) ಹತ್ರ, ಅಂದ್ರೆ ನೀಲಿಯಲ್ಲಿ, ಒಂದು ಬೆಟ್ಟ, 660ರ ಹತ್ರ, ಅಂದ್ರೆ ಕೆಂಪಲ್ಲಿ, ಇನ್ನೊಂದು ಬೆಟ್ಟ, ನಡುವೆ ಹಸಿರಿನ ಜಾಗದಲ್ಲಿ ಬಟ್ಟಾಬಯಲು. ಗ್ರಾಫ್ ಸುಳ್ಳಲ್ಲ. ಆದ್ರೆ ಅದು ಎಲೆಯ ಗ್ರಾಫೇ ಅಲ್ಲ! ಎಲೆ ಜಜ್ಜಿ ದ್ರಾವಕದಲ್ಲಿ ಕರಗಿಸಿ ಕ್ಲೋರೋಫಿಲ್ ಬೇರೆ ಮಾಡಿ ಗಾಜಿನ ಕೊಳವೆಗೆ ಹಾಕಿ ಅಳೆದಿದ್ದು. ಎಂಗೆಲ್‌ಮನ್ ನೋಡಿದ್ದೂ ಒಂದೇ ಜೀವಕೋಶದ ದಪ್ಪದ ಎಳೆ.

ನಿಜವಾದ ಎಲೆ ಒಳಗೆ ಕಥೆ ಬೇರೆ. ಎಲೆಯ ಒಳಗಡೆ ಜೀವಕೋಶಗಳು, ನಡುವೆ ಗಾಳಿ ತುಂಬಿದ ಸಂದುಗಳು, ಒಳ್ಳೆ ಸ್ಪಾಂಜ್ ಥರ. ಬೆಳಕು ಗಾಳಿಯಿಂದ ನೀರಿಗೆ, ನೀರಿಂದ ಗಾಳಿಗೆ ದಾಟುವಾಗೆಲ್ಲ ದಿಕ್ಕು ಬದಲಿಸುತ್ತೆ. ಹಸಿರು ಫೋಟಾನ್, ಅಂದ್ರೆ ಹಸಿರು ಬೆಳಕಿನ ಒಂದು ಕಣ, ಕ್ಲೋರೋಫಿಲ್ ತುಂಬಿರೋ ಚಿಕ್ಕ ಚೀಲವಾದ ಒಂದು ಕ್ಲೋರೋಪ್ಲಾಸ್ಟ್‌ಗೆ ಸಿಗದೆ ತಪ್ಪಿಸ್ಕೊಳ್ಳುತ್ತೆ, ಸರಿ, ಆದ್ರೆ ಮುಂದೆ ಇನ್ನೊಂದು ಗೋಡೆಗೆ ಬಡಿದು ವಾಪಸ್ ಬರುತ್ತೆ, ಇನ್ನೊಂದು ಕ್ಲೋರೋಪ್ಲಾಸ್ಟ್ ಸಿಗುತ್ತೆ, ಅಲ್ಲೂ ತಪ್ಪಿಸ್ಕೊಂಡ್ರೆ ಮತ್ತೊಂದು. ಹೀಗೆ ಪಿನ್‌ಬಾಲ್ ಆಡ್ತಾ ಆಡ್ತಾ ಕೊನೆಗೆ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತೆ. ಸಾಧಾರಣ ದಪ್ಪದ ಹಸಿರು ಎಲೆ ತನ್ನ ಮೇಲೆ ಬಿದ್ದ ಹಸಿರು ಬೆಳಕಲ್ಲಿ ನೂರಕ್ಕೆ 70ರಿಂದ 90ರಷ್ಟನ್ನ ಹೀರ್ಕೊಳ್ಳುತ್ತೆ. ಕೆಂಪು ನೀಲಿ ಇನ್ನೂ ಸ್ವಲ್ಪ ಜಾಸ್ತಿ, ಅಷ್ಟೇ ವ್ಯತ್ಯಾಸ. ಮಿಕ್ಕಿದ ಆ ಸ್ವಲ್ಪ ಹಸಿರೇ ನಮ್ಮ ಕಣ್ಣಿಗೆ ಬೀಳೋದು, ಅದೂ ನಮ್ಮ ಕಣ್ಣು 555 ನ್ಯಾನೋಮೀಟರ್ ಸುತ್ತಮುತ್ತ, ಅಂದ್ರೆ ಸರಿಯಾಗಿ ಹಸಿರಿಗೇ, ಅತಿ ಚುರುಕು, ಹಾಗಾಗಿ ಚೂರು ಹಸಿರು ಬಂದ್ರೂ ಎಲೆ ಪೂರ್ತಿ ಹಸಿರನ್ನ ಎಸೀತಿದೆ ಅನ್ಸುತ್ತೆ. ಕತ್ತಲೆ ರೂಮಲ್ಲಿ ಒಂದು ಎಲೆ ಹಿಂದೆ ಟಾರ್ಚ್ ಹಿಡಿದು ನೋಡಿ, ಈ ಕಡೆ ಬರೋ ಬೆಳಕು ಹಸಿರಾಗಿರುತ್ತೆ. ಅಂದ್ರೆ ಎಲೆಯ ತಳದವರೆಗೂ ಹೋಗಿ ಮುಟ್ಟೋದು ಅದೇ.

ಈ ತಳ ಮುಟ್ಟೋ ವಿಷಯ ಇದ್ಯಲ್ಲ, ನನಗೆ ಇದರಲ್ಲೆಲ್ಲ ತುಂಬಾ ಇಷ್ಟ ಆಗಿದ್ದು ಅದೇ. ಕೆಂಪು ನೀಲಿ ಬೆಳಕನ್ನ ಎಲೆಯ ಮೇಲಿನ ಪದರಗಳೇ ಹೆಚ್ಚುಕಮ್ಮಿ ಮುಗಿಸಿಬಿಡ್ತವೆ. ಬೆಳಕು ಮಂದ ಇದ್ದಾಗ ಇದರಿಂದ ತೊಂದರೆ ಇಲ್ಲ, ಆಗ ಕೆಂಪೇ ಗೆಲ್ಲುತ್ತೆ. ಆದ್ರೆ ಒಳ್ಳೆ ಬಿಸಿಲು ಬಿದ್ದಾಗ ಮೇಲಿನ ಕ್ಲೋರೋಪ್ಲಾಸ್ಟ್‌ಗಳಿಗೆ ಹೊಟ್ಟೆ ತುಂಬಿರುತ್ತೆ, ಇನ್ನೂ ಕೆಂಪು ಸುರಿದ್ರೆ ಅದು ಶಾಖವಾಗಿ ಹೋಗುತ್ತೆ, ಕೆಳಗಿನವು ಮಾತ್ರ ಹಸ್ಕೊಂಡೇ ಕೂತಿರ್ತವೆ. ಅವಕ್ಕೆ ಊಟ ತಲುಪಿಸೋದು ಹಸಿರು. ಜಪಾನಿನ ತೆರಾಶಿಮಾ ಮತ್ತವರ ತಂಡ 2009ರಲ್ಲಿ ಸೂರ್ಯಕಾಂತಿ ಎಲೆಗಳಲ್ಲಿ ಇದನ್ನ ತೋರಿಸ್ತು, ಜೋರಾದ ಬಿಳಿ ಬೆಳಕಿನ ಮೇಲೆ ಇನ್ನಷ್ಟು ಕೆಂಪು ಸೇರಿಸೋದಕ್ಕಿಂತ ಹಸಿರು ಸೇರಿಸಿದ್ರೆ ದ್ಯುತಿಸಂಶ್ಲೇಷಣೆ ಹೆಚ್ಚು ಏರುತ್ತೆ ಅಂತ. ಅದಕ್ಕೂ ಎಷ್ಟೋ ಮುಂಚೆ, 1970ರ ದಶಕದ ಶುರುವಿನಲ್ಲೇ, ಮೆಕ್‌ಕ್ರೀ ಅನ್ನೋರು 22 ಬೆಳೆಗಳ ಎಲೆ ತಗೊಂಡು ಒಂದೊಂದೇ ಬಣ್ಣ ಕೊಟ್ಟು ಅಳೆದಿದ್ರು, ಅವರ ಗ್ರಾಫಲ್ಲಿ ಹಸಿರಿನ ಜಾಗದಲ್ಲಿ ಬಟ್ಟಾಬಯಲು ಇಲ್ಲ, ಸಣ್ಣ ತಗ್ಗು ಇದೆ ಅಷ್ಟೆ. ಹೀರಿದ ಫೋಟಾನ್ ಲೆಕ್ಕದಲ್ಲಿ ನೋಡಿದ್ರೆ ಹಸಿರು ನೀಲಿಗೆ ಸೋತೇ ಇಲ್ಲ.

ಹಾಗಾದ್ರೆ ನೀಲಿ? "ನೀಲಿಗೆ ಎನರ್ಜಿ ಜಾಸ್ತಿ, ಹಾಗಾಗಿ ಗಿಡ ಬೇಗ ಬೆಳೆಯುತ್ತೆ" ಅಂತ ಒಬ್ಬರಲ್ಲ ಒಬ್ಬರು ಹೇಳ್ತಾನೇ ಇರ್ತಾರೆ. 450 ನ್ಯಾನೋಮೀಟರಿನ ನೀಲಿ ಫೋಟಾನ್‌ಗೆ 660ರ ಕೆಂಪು ಫೋಟಾನ್‌ಗಿಂತ ಸುಮಾರು ಒಂದೂವರೆಪಟ್ಟು ಶಕ್ತಿ ಇರೋದು ನಿಜ, ಆದ್ರೆ ಕ್ಲೋರೋಫಿಲ್ ಆ ಹೆಚ್ಚುವರಿಯನ್ನ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಶಾಖ ಮಾಡಿ ಕೈ ತೊಳ್ಕೊಳ್ಳುತ್ತೆ, ಮುಂದಿನ ಕೆಲಸಕ್ಕೆ ಉಳಿಯೋದು ಕೆಂಪು ಫೋಟಾನ್ ಕೊಡೋವಷ್ಟೇ. ಸಾಲದ್ದಕ್ಕೆ ನೀಲಿಯಲ್ಲಿ ಒಂದು ಪಾಲನ್ನ ಎಲೆಯಲ್ಲಿರೋ ಹಳದಿ-ಕಿತ್ತಳೆ ಬಣ್ಣದ ವಸ್ತುಗಳಾದ ಕೆರೋಟಿನಾಯ್ಡ್‌ಗಳು ಹೀರ್ತವೆ, ಅವು ಎಲ್ಲಾನೂ ಕ್ಲೋರೋಫಿಲ್‌ಗೆ ದಾಟಿಸಲ್ಲ. ಆಹಾರ ತಯಾರಿಸೋ ಲೆಕ್ಕದಲ್ಲಿ ನೀಲಿ ಅಂಥಾ ಲಾಭದ ಬಣ್ಣ ಅಲ್ಲ.

ಆದ್ರೂ ನೀಲಿ ಬೇಕು, ಯಾಕಂದ್ರೆ ಗಿಡಕ್ಕೆ ಬೆಳಕು ಊಟಾನೂ ಹೌದು, ಸುದ್ದೀನೂ ಹೌದು. ನೀಲಿ ಬಿದ್ರೆ ಪತ್ರರಂಧ್ರಗಳು ತೆರ್ಕೊಳ್ತವೆ, ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತೆ, ಕಾಂಡ ಗಿಡ್ಡಗೆ ಗಟ್ಟಿಯಾಗುತ್ತೆ, ಕಿಟಕಿ ಕಡೆ ಗಿಡ ಬಾಗೋದೂ ನೀಲಿಯನ್ನ ನೋಡಿಯೇ. ಬರೀ ಕೆಂಪಲ್ಲಿ ಬೆಳೆಸಿದ್ರೆ ಎಷ್ಟೋ ಗಿಡಗಳ ಎಲೆ ಮುದುಡಿಕೊಳ್ಳುತ್ತೆ, ಕಾಂಡ ಸುಮ್ನೆ ಉದ್ದ ಆಗುತ್ತೆ. ಬೆಳಕಲ್ಲಿ ಹತ್ತಿಪ್ಪತ್ತು ಪರ್ಸೆಂಟ್ ನೀಲಿ ಇದ್ರೆ ಸಾಮಾನ್ಯವಾಗಿ ಈ ಗೋಳು ಇರಲ್ಲ, ಬಿಳಿ ಎಲ್‌ಇಡಿಯಲ್ಲಿ ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಯಾಕಂದ್ರೆ ಬಿಳಿ ಎಲ್‌ಇಡಿ ಅಂದ್ರೇನೇ ನೀಲಿ ಎಲ್‌ಇಡಿ ಮೇಲೆ ಹಳದಿ ಫಾಸ್ಫರ್ (ನೀಲಿಯ ಒಂದು ಪಾಲನ್ನ ಬೇರೆ ಬಣ್ಣಗಳಾಗಿ ಬದಲಿಸೋ ಪುಡಿ) ಬಳಿದಿರೋದು.

ಕೆಂಪಿನಲ್ಲೂ ಒಂದು ತಮಾಷೆ ಇದೆ. 680 ನ್ಯಾನೋಮೀಟರ್ ದಾಟಿದ ಮೇಲೆ ಕ್ಲೋರೋಫಿಲ್ ಬೆಳಕು ಹೀರ್ತಾ ಇದ್ರೂ ಕೆಲಸ ದಿಢೀರ್ ಅಂತ ಕುಸಿಯುತ್ತೆ, ಇದನ್ನ 1943ರಲ್ಲಿ ಎಮರ್ಸನ್ ಮತ್ತು ಲೂಯಿಸ್ ಕ್ಲೋರೆಲ್ಲಾ ಪಾಚಿಯಲ್ಲಿ ಅಳೆದು ತೋರಿಸಿದ್ರು. 1957ರಲ್ಲಿ ಎಮರ್ಸನ್ ಅದೇ ಕೆಲಸಕ್ಕೆ ಬಾರದ ಕಡುಗೆಂಪಿನ ಜೊತೆ ಸ್ವಲ್ಪ ಕಡಿಮೆ ತರಂಗಾಂತರದ ಬೆಳಕನ್ನೂ ಕೊಟ್ಟು ನೋಡಿದ್ರೆ ಎರಡನ್ನೂ ಬೇರೆಬೇರೆ ಕೊಟ್ಟು ಕೂಡಿಸಿದ್ದಕ್ಕಿಂತ ಹೆಚ್ಚು ಆಕ್ಸಿಜನ್! ಒಳಗೆ ಒಂದಲ್ಲ ಎರಡು ಯಂತ್ರ ಇವೆ, ಒಂದು 680ಕ್ಕೆ ಇನ್ನೊಂದು 700ಕ್ಕೆ ಹೊಂದ್ಕೊಂಡಿರೋದು, ಜೋಡೆತ್ತಿನ ಹಾಗೆ ಎರಡೂ ಎಳೆದ್ರೇನೇ ಗಾಡಿ ಮುಂದೆ ಹೋಗೋದು ಅನ್ನೋ ತಿಳುವಳಿಕೆಗೆ ದಾರಿ ಆಗಿದ್ದು ಈ ಪ್ರಯೋಗ. ಒಂದೇ ಬಣ್ಣ ಹಿಡ್ಕೊಂಡು "ಇದೇ ಬೆಸ್ಟ್" ಅನ್ನೋರಿಗೆ ನಾನು ಹೇಳೋದು ಇದನ್ನೇ.

ಮಕ್ಕಳ ಸೈನ್ಸ್ ಪ್ರಾಜೆಕ್ಟಲ್ಲಿ ಬಣ್ಣದ ಗ್ಲಾಸ್ ಪೇಪರ್ ಸುತ್ತಿ ಗಿಡ ಬೆಳೆಸ್ತಾರಲ್ಲ, ಹಸಿರು ಪೇಪರಿನದು ಸೊರಗುತ್ತೆ, "ನೋಡಿ ಹಸಿರು ಬೇಡ" ಅಂತ ಚಾರ್ಟ್ ಬರೀತಾರೆ. ಪೇಪರ್ ಅಂದ್ರೆ ಒಂದು ಜರಡಿ, ಒಂದೊಂದು ಬಣ್ಣದ ಜರಡಿ ಒಂದೊಂದು ಪ್ರಮಾಣದಲ್ಲಿ ಬೆಳಕು ತಡೆಯುತ್ತೆ, ಒಳಗೆ ಎಷ್ಟು ಫೋಟಾನ್ ಹೋಯ್ತು ಅಂತ ಅಳೆಯದೆ ಬಣ್ಣದ ಮೇಲೆ ತಪ್ಪು ಹೊರಿಸೋದು ಅನ್ಯಾಯ.

ಮನೆಯಲ್ಲಿ ಗಿಡ ಸೊರಗೋದಕ್ಕೂ ನಾನು ನೋಡಿದ ಹಾಗೆ ಕಾರಣ ಬಹುತೇಕ ಇದೇ, ಬೆಳಕೇ ಸಾಲದು. ನಡು ಮಧ್ಯಾಹ್ನದ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ (ಫೋಟಾನ್ ಎಣಿಸೋ ಅಳತೆ) ಫೋಟಾನ್ ಬೀಳ್ತವೆ, ಚೆನ್ನಾಗಿ ಬೆಳಕಿದೆ ಅಂತ ನಾವು ಅಂದ್ಕೊಳ್ಳೋ ರೂಮಲ್ಲಿ ರಾತ್ರಿ ಲೈಟ್ ಹಾಕಿದ್ರೆ ಹತ್ತಿಪ್ಪತ್ತು ಬಿದ್ರೆ ಹೆಚ್ಚು. ನಮ್ಮ ಕಣ್ಣು ಹೊಂದ್ಕೊಂಡುಬಿಡುತ್ತೆ, ಎಲೆಗೆ ಆ ಭಾಗ್ಯ ಇಲ್ಲ. ಬಲ್ಬ್ ಡಬ್ಬದ ಮೇಲಿನ ಲ್ಯೂಮೆನ್ ನೋಡಿ ಕೆಂಪು ನೀಲಿ ಲೈಟನ್ನ ಬಿಳಿ ಲೈಟಿಗೆ ಹೋಲಿಸಬೇಡಿ, ಲ್ಯೂಮೆನ್ ಮನುಷ್ಯನ ಕಣ್ಣಿನ ಅಳತೆ.

ಬರೀ ಕೆಂಪು ನೀಲಿ ಎಲ್ಇಡಿ ಸೇರಿಸಿ ಮಾಡಿದ ಪರ್ಪಲ್ ಲೈಟ್ ಪೂರ್ತಿ ಮೋಸ ಅಂತ ನಾನು ಹೇಳಲ್ಲ. ಕೆಂಪು ಎಲ್‌ಇಡಿ ಒಂದು ಯೂನಿಟ್ ಕರೆಂಟಿಗೆ ಹೆಚ್ಚು ಫೋಟಾನ್ ಕೊಡುತ್ತೆ, ದೊಡ್ಡ ಮಟ್ಟದಲ್ಲಿ ಬೆಳೆಸೋರಿಗೆ ಕರೆಂಟ್ ಬಿಲ್ಲೇ ತಲೆನೋವು, ಅವರು ಆ ಲೆಕ್ಕ ಹಾಕೋದು ಸರಿ. ನಾನೂ ಒಂದು ತಂದಿದ್ದೆ. ಗಿಡ ಬೆಳೀತು, ಸುಳ್ಳು ಹೇಳಬಾರದು. ಆದ್ರೆ ಆ ಬೆಳಕಲ್ಲಿ ಎಲೆಗಳೆಲ್ಲ ಕಪ್ಪುಕಪ್ಪಾಗಿ ಕಾಣ್ತವೆ, ಕೆಳಗಿನ ಎಲೆ ಹಳದಿ ಆಗ್ತಿರೋದು, ಎಲೆ ಹಿಂದೆ ಹುಳ ಕೂತಿರೋದು ಯಾವುದೂ ಗೊತ್ತಾಗಲಿಲ್ಲ, ಒಂದು ದಿನ ಕುಂಡನ ಹೊರಗೆ ತಂದು ನೋಡಿದ್ರೆ ಅರ್ಧ ಗಿಡ ಹೋಗಿತ್ತು. ಆಮೇಲೆ ಓದಿದೆ, 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನಾಸಾ ಕಳಿಸಿದ ವೆಜ್ಜಿ ಅನ್ನೋ ಗಿಡ ಬೆಳೆಸೋ ಪೆಟ್ಟಿಗೆಯಲ್ಲಿ ಕೆಂಪು ನೀಲಿ ಜೊತೆ ಹಸಿರು ಎಲ್‌ಇಡಿನೂ ಇದೆಯಂತೆ, ಗಗನಯಾತ್ರಿಗಳಿಗೆ ಗಿಡ ಗಿಡದ ಥರ ಕಾಣ್ಲಿ ಅಂತ.

ಹಾಗಾಗಿ ಆಗಲೇ ಪರ್ಪಲ್ ಲೈಟ್ ತಂದುಬಿಟ್ಟಿದ್ರೆ ಬಿಸಾಕೋದೇನೂ ಬೇಡ, ಪಕ್ಕದಲ್ಲಿ ಒಂದು ಬಿಳಿ ಬಲ್ಬ್ ಸೇರಿಸಿ. ಅದೂ ಆಗಲಿಲ್ಲ ಅಂದ್ರೆ ವಾರಕ್ಕೆರಡು ಸಲ ಲೈಟ್ ಆಫ್ ಮಾಡಿ, ಟಾರ್ಚ್ ಹಿಡ್ಕೊಂಡು ಎಲೆ ಮಗುಚಿ ನೋಡಿ.