ಲೆಕ್ಕಕ್ಕೆ ಮೊದಲೇ

18 ನವೆಂಬರ್ 2025, ಮಂಗಳವಾರ
ಸರಸ್ವತಿಪುರಂ, ರಾತ್ರಿ

ಇಂದು ಕುಕ್ಕರಹಳ್ಳಿ ಕೆರೆಯ ಕಡೆಗೂ ಹೋಗಲಿಲ್ಲ. ಬೆಳಗಿನ ಸಾರಿಗೇ ಅನ್ನ ಕಲಸಿಕೊಂಡು ಉಂಡು ಕುಳಿತಿದ್ದೇನೆ. ನನ್ನ ತರಗತಿಯ ಮದ್ದೂರಿನ ಹುಡುಗಿಯ ಕೈ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಮಧ್ಯಾಹ್ನ ರಕ್ತನಾಳದ ಪ್ರಾತ್ಯಕ್ಷಿಕೆ ಇತ್ತು. ಅವಳಾಗಿಯೇ ಮುಂದೆ ಬಂದಳು. ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟಳು. ಮುಂಗೈಗೆ ಪಟ್ಟಿ ಬಿಗಿದು 5 ನಿಮಿಷ ರಕ್ತ ತಡೆದು ಬಿಟ್ಟರೆ, ತಡೆದ ರಕ್ತ ಒಮ್ಮೆಗೇ ನುಗ್ಗುತ್ತದೆ. ಆ ರಭಸ ತಾಗಿದೊಡನೆ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ಒಂದೇ ಜೀವಕೋಶದಷ್ಟು ದಪ್ಪದ ಪದರ ಅದು! ಈ ಅನಿಲದ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದರೂ ಅಲ್ಟ್ರಾಸೌಂಡ್ ಪರದೆಯ ಮೇಲೆ ಧಮನಿ ಅರಳುವುದನ್ನು ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಮ್ಮೆ ಅಳೆದ ಮೇಲೆ 1000ದಿಂದ 7 ಕಳೆಯುತ್ತ ಹೋಗಲು ಹೇಳಿ, ಅವಸರಪಡಿಸಿ, ಮತ್ತೆ ಅಳೆಯುತ್ತೇವೆ. ಒತ್ತಡದ ನಂತರ ನಾಳ ಮೊದಲಿನಷ್ಟು ಹಿಗ್ಗುವುದಿಲ್ಲ ಎಂಬುದೇ ಪಾಠ.

ಅವಳದು ಲೆಕ್ಕಕ್ಕೆ ಮೊದಲೇ ಹಿಗ್ಗಲಿಲ್ಲ.

ಬೆರಳು ಮುಟ್ಟಿದೆ, ತಣ್ಣಗಿತ್ತು. ಲೆಕ್ಕವನ್ನೇನೋ 937ರವರೆಗೆ ಎಲ್ಲೂ ತಡವರಿಸದೆ ಹೇಳಿದಳು, ಆಮೇಲೆ ಥಟ್ಟನೆ ನಿಂತುಬಿಟ್ಟಳು. ಎಲ್ಲರೂ ಹೋದ ಮೇಲೆ, ತೋಳಿನ ಮೇಲಿನ ಜೆಲ್ ಒರೆಸಿಕೊಳ್ಳುತ್ತಿದ್ದವಳನ್ನು ಕೇಳಿದೆ.

“ಭಯವಾಯಿತೇನಮ್ಮ?”

“ಭಯವಲ್ಲ ಮೇಡಂ, ಕೋಪ. ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ದರು. ಕಬ್ಬಿನ ದುಡ್ಡು ಬಂದಿದೆಯಂತೆ. ಅಣ್ಣನ ಬೈಕಿಗೆ ಮುಂಗಡ ಕೊಟ್ಟಾಯಿತಂತೆ. ನನ್ನ ಹಾಸ್ಟೆಲ್ ಶುಲ್ಕವನ್ನು ಮುಂದಿನ ತಿಂಗಳು ನೋಡೋಣ ಎಂದರು.”

“ನೀನೇನು ಹೇಳಿದೆ?”

“ಆಗಲಿ ಅಪ್ಪ ಎಂದೆ.”

ಪಟ್ಟಿಯ ಗೆರೆಗಳು ಮುಂಗೈಯಲ್ಲಿ ಇನ್ನೂ ಕೆಂಪಗಿದ್ದವು. ಅವುಗಳ ಮೇಲೆಯೇ ಬಳೆಗಳನ್ನು ಏರಿಸಿಕೊಂಡಳು.

ಒಂದು ಅಳತೆಯಿಂದ ಏನನ್ನೂ ತೀರ್ಮಾನಿಸಬಾರದು, ನಿಜ. ಕಾಫಿ ಕುಡಿದಿದ್ದರೆ, ನಿದ್ದೆಗೆಟ್ಟಿದ್ದರೆ, ಮುಟ್ಟಿನ ಚಕ್ರದ ಯಾವ ದಿನ ಎಂಬುದರ ಮೇಲೂ ಈ ಸಂಖ್ಯೆ ಬದಲಾಗುತ್ತದೆ. ಆದರೂ ಮನೆಗೆ ಬಂದವಳೇ 2024ರ ಅಮೆರಿಕದ ಆ ಅಧ್ಯಯನವನ್ನು ತೆರೆದು ಕುಳಿತೆ. ಆರೋಗ್ಯವಂತರಾದ 280 ಮಂದಿಯಲ್ಲಿ ಕೆಲವರಿಗೆ ಕೋಪ ಬರಿಸಿದ ಪ್ರಸಂಗವನ್ನು, ಕೆಲವರಿಗೆ ಆತಂಕದ್ದನ್ನು 8 ನಿಮಿಷ ನೆನಪಿಸಿಕೊಳ್ಳಲು ಹೇಳಿದ್ದರು. ಇನ್ನು ಕೆಲವರಿಗೆ ದುಃಖದ ಸಾಲುಗಳನ್ನು ಓದಲು ಕೊಟ್ಟಿದ್ದರು. ನಾಳ ಹಿಗ್ಗುವ ಶಕ್ತಿ ಎದ್ದು ಕಾಣುವಂತೆ ಕುಗ್ಗಿದ್ದು ಕೋಪದವರಲ್ಲಿ, ಅದೂ 40 ನಿಮಿಷಗಳವರೆಗೆ. 8 ನಿಮಿಷದ ನೆನಪಿಗೆ 40 ನಿಮಿಷ. ಬೆಳಗಿನಿಂದ ನುಂಗಿಕೊಂಡು ಕುಳಿತ ಕೋಪಕ್ಕೆ ಎಷ್ಟು?

ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದವರು ಹೃದ್ರೋಗಿಗಳಲ್ಲಿ ಕಂಡದ್ದೂ ನೆನಪಾಯಿತು. ಮನಸ್ಸಿನ ಒತ್ತಡದಿಂದ ಹೃದಯಕ್ಕೆ ರಕ್ತ ಕಡಿಮೆಯಾದಾಗ, ಗಂಡಸರಲ್ಲಿ ಅದರ ನಂಟು ಏರಿದ ರಕ್ತದೊತ್ತಡ ಮತ್ತು ನಾಡಿಬಡಿತದೊಂದಿಗೆ. ಹೆಂಗಸರಲ್ಲಿ ಕೈಬೆರಳಿನಂಥ ಕಡೆಯ ಸಣ್ಣ ನಾಳಗಳು ಬಿಗಿಯುವುದರೊಂದಿಗೆ. ಬಿ.ಪಿ. ಸರಿಯಿದೆ, ವಯಸ್ಸು ಚಿಕ್ಕದು, ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಕಾಯುತ್ತದೆ ಎಂದು ನಾವು ಹುಡುಗಿಯರನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸುತ್ತೇವೆ. ಅವರ ಬೆರಳನ್ನು ಮುಟ್ಟಿ ನೋಡಿದವರು ಯಾರು? ನಾನೂ ಇಷ್ಟು ವರ್ಷ ನೋಡಿರಲಿಲ್ಲ.

ಶುಲ್ಕ ನಾನು ಕಟ್ಟಬಹುದು. ಆದರೆ ಅವಳು ಕೇಳಿದ್ದು ದುಡ್ಡನ್ನಲ್ಲ. ಬಾಗಿಲವರೆಗೆ ಹೋದವಳು ತಿರುಗಿ, “ಗುರುವಾರ ಮತ್ತೆ ಅಳೆಯುತ್ತೀರಾ ಮೇಡಂ? ಇನ್ನೊಂದು ಸಲ ನೋಡಬೇಕು” ಎಂದಳು. ಬೆಳಿಗ್ಗೆ ಕಾಫಿ ಕುಡಿಯಬೇಡ, ಚೆನ್ನಾಗಿ ನಿದ್ದೆ ಮಾಡಿ ಬಾ ಎಂದೆ. ಮನೆಯಿಂದ ಫೋನ್ ಬಂದರೆ ಎತ್ತಬೇಡ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೂ ಅವಳು ಎತ್ತದೆ ಇರುತ್ತಿರಲಿಲ್ಲ.