ಭೂಮಿ ಹುಣ್ಣಿಮೆಗೂ ದೀಪಾವಳಿಗೂ ನಡುವೆ

ಮಳೆಗಾಲ ಬಂದರೆ ನಮ್ಮ ಮನೆಯಲ್ಲಿ ದಿನಪತ್ರಿಕೆ ಮೊದಲು ಅಮ್ಮನ ಕೈಗೆ ಹೋಗುತ್ತದೆ. ಅವಳಿಗೆ ಬೇಕಾದದ್ದು ಒಳಪುಟದ ಮೂಲೆಯಲ್ಲಿ ಅಚ್ಚಾಗುವ ಜಲಾಶಯಗಳ ಮಟ್ಟ. ತುಂಗಾ, ಭದ್ರಾ ದಾಟಿದ ಬೆರಳು ಲಿಂಗನಮಕ್ಕಿಯ ಸಾಲಿಗೆ ಬಂದು ನಿಲ್ಲುತ್ತದೆ. ಪೂರ್ಣ ಮಟ್ಟ 1819 ಅಡಿ. ಆ ದಿನದ ಅಂಕಿಯನ್ನು ಅದರಲ್ಲಿ ಕಳೆದು, "ಇನ್ನು ಇಷ್ಟು ಅಡಿ ಬಾಕಿ" ಎಂದು ಗಟ್ಟಿಯಾಗಿ ಹೇಳಿ ಪತ್ರಿಕೆಯನ್ನು ನನಗೆ ಕೊಡುತ್ತಾಳೆ. ಅವಳು ಹುಟ್ಟಿದ ಮನೆ ಆ ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವಳಿಗೆ ಹನ್ನೊಂದು ವರ್ಷ.

2025ರ ಜುಲೈ 14ರಂದು ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಟಿ.ವಿ.ಯಲ್ಲಿ ಅದನ್ನು ನೋಡುತ್ತಿದ್ದ ಅಮ್ಮ, "ನನ್ನನ್ನು ಒಮ್ಮೆ ಕರೆದುಕೊಂಡು ಹೋಗು" ಎಂದಳು. ಶಿವಮೊಗ್ಗದಿಂದ ಸಾಗರದ ಮೇಲೆ ಹೋದರೆ ಅದು ಒಂದು ದಿನದ ಕೆಲಸ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ಆದರೆ ಅಮ್ಮನಿಗೆ ಆ ದಾರಿ ಬೇಡವಾಗಿತ್ತು. "ನಾವು ಊರು ಬಿಟ್ಟು ಸಾಗರದ ಕಡೆಗೆ ಬಂದವರು. ಆ ದಿಕ್ಕಿನಲ್ಲೇ ದಾಟಬೇಕು. ಹಿಂದಿನಿಂದ ಹೋಗೋಣ" ಎಂದಳು. ಹಿಂದಿನಿಂದ ಎಂದರೆ ತೀರ್ಥಹಳ್ಳಿ, ಯಡೂರು, ನಗರ, ನಿಟ್ಟೂರು, ತುಮರಿ. ನಮ್ಮ ಪ್ರವಾಸದ ನಕ್ಷೆ ತಯಾರಾದದ್ದು ಆ ಒಂದು ಮಾತಿನಿಂದ.

ಯಾವಾಗ ಹೋಗುವುದು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಬೆಂಗಳೂರಿನಲ್ಲಿರುವ ಅಣ್ಣ ಏಪ್ರಿಲ್ ಎಂದ. ಆಗ ನೀರು ಇಳಿದಿರುತ್ತದೆ, ಹಳೆಯ ರಸ್ತೆ, ಗದ್ದೆಯ ಬದು ಎಲ್ಲ ಮೇಲೆ ಬರುತ್ತವೆ, ತೀರಾ ಇಳಿದ ವರ್ಷ 1940ರ ದಶಕದ ಮಡೆನೂರು ಅಣೆಕಟ್ಟೂ ಕಾಣಿಸುತ್ತದೆ ಎಂಬುದು ಅವನ ವಾದ. ನನಗೂ ಅದೇ ಸರಿ ಎನ್ನಿಸಿತ್ತು. ಅಮ್ಮ ಒಪ್ಪಲಿಲ್ಲ. "ಇಳಿದಾಗ ಅಲ್ಲಿರುವುದು ಬರೀ ಕೆಸರು ಮತ್ತು ಮರದ ಬೊಡ್ಡೆಗಳು. ಅದನ್ನು ನೋಡುವುದಕ್ಕೆ ನನ್ನಿಂದ ಆಗುವುದಿಲ್ಲ. ನೀರು ತುಂಬಿದಾಗಲೇ ಹೋಗೋಣ." ಆಮೇಲೆ ಯಾರೂ ಏಪ್ರಿಲ್ ಮಾತು ಎತ್ತಲಿಲ್ಲ.

ನೀರು ತುಂಬಿರಬೇಕು, ರಸ್ತೆಯೂ ನೆಟ್ಟಗಿರಬೇಕು. ಜುಲೈ, ಆಗಸ್ಟ್‌ನಲ್ಲಿ ಮಾಸ್ತಿಕಟ್ಟೆಯ ಸುತ್ತಮುತ್ತ ಮಂಜು ಮುಸುಕಿದರೆ ಹತ್ತು ಮಾರು ದೂರದ ದಾರಿ ಕಾಣಿಸುವುದಿಲ್ಲ. ಧರೆ ಯಾವಾಗ ಕುಸಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಲೆಕ್ಕ ಬಿಡಿಸಿದವರು ಸೋದರಮಾವ. ಮೂವತ್ತು ವರ್ಷ ಈ ಭಾಗದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. "ಭೂಮಿ ಹುಣ್ಣಿಮೆ ಕಳೆಯಲಿ, ದೀಪಾವಳಿ ಬರುವ ಮೊದಲು ಮುಗಿಸಿ. ಹೊಳೆ ತುಂಬಿರುತ್ತದೆ, ಬತ್ತ ಗದ್ದೆಯಲ್ಲೇ ಇರುತ್ತದೆ, ಅಡಿಕೆ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಕೊಯ್ಲು ಹತ್ತಿಕೊಂಡ ಮೇಲೆ ಯಾರ ಮನೆಗೆ ಹೋದರೂ ಅವರಿಗೆ ಮಾತಿಗೆ ಕೂರುವಷ್ಟು ಪುರುಸೊತ್ತು ಇರುವುದಿಲ್ಲ" ಎಂದರು. ಮಲೆನಾಡಿಗೆ ಬರುವವರು ಹವಾಮಾನ ನೋಡುತ್ತಾರೆ, ವಸತಿಗೃಹದ ಬಾಡಿಗೆ ನೋಡುತ್ತಾರೆ. ತಾವು ಹೋಗುವ ಊರಿನವರು ಆ ಹೊತ್ತಿಗೆ ಯಾವ ಕೆಲಸದಲ್ಲಿರುತ್ತಾರೆ ಎಂದು ನೋಡುವವರು ಕಡಿಮೆ. ಮಾವ ಮೊದಲು ನೋಡಿದ್ದೇ ಅದನ್ನು. ಅಪಾಯ ಉಳಿದದ್ದು ಒಂದೇ, ಚಿತ್ತಾ ಮಳೆ. "ಕುರುಡು ಚಿತ್ತೆ, ಎಲ್ಲಿ ಎರಚುತ್ತದೆಯೋ ಗೊತ್ತಿಲ್ಲ. ಆದರೆ ಬರುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಆರಕ್ಕೆ ಹೊರಟು ಎರಡು ಗಂಟೆಗೆ ಸೂರು ಸೇರಿಬಿಡಬೇಕು."

ನಾನು ಮೊಬೈಲ್ ನಕ್ಷೆಯಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರಿನಂತೆ ಹಂಚಿದ್ದೆ. ಮಾವ ಅದನ್ನು ಓದಿ, "ಕಿಲೋಮೀಟರಿನ ಲೆಕ್ಕ ಬಯಲುಸೀಮೆಗೆ. ಇಲ್ಲಿ ಗಂಟೆಯ ಲೆಕ್ಕ ಹಾಕು" ಎಂದು ಅರ್ಧದಷ್ಟನ್ನು ಹೊಡೆದು ಹಾಕಿದರು. ಮೊಣಕಾಲು ನೋವಿರುವ ಅಮ್ಮನಿಗಾಗಿ ಕವಲೇದುರ್ಗದ ಏರು ಹೋಯಿತು. ಜೀಪಿನಲ್ಲಿ ಕುಲುಕಿಕೊಂಡು ಹತ್ತಬೇಕಾದ ಕೊಡಚಾದ್ರಿ ಹೋಯಿತು. ಕೋಗಾರು, ಹಸಿರುಮಕ್ಕಿ ಕೂಡ ಹೋದವು. ಜೋಗವನ್ನು ನಾಲ್ಕನೆಯ ದಿನಕ್ಕೆ ಇಟ್ಟೆವು, ಅದೂ ಸಾಧ್ಯವಾದರೆ ಎಂದು. ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ಹಿಡಿದಿಡುವುದರಿಂದ ಅಕ್ಟೋಬರಿನ ಹೊತ್ತಿಗೆ 253 ಮೀಟರ್ ಎತ್ತರದ ಆ ಜಲಪಾತ ಸೊರಗಲು ತೊಡಗಿರುತ್ತದೆ. ಹೀಗೆ ಹೊಡೆದು ಹಾಕುವಾಗ ನನಗೆ ಹೊಟ್ಟೆ ಉರಿದದ್ದು ನಿಜ. ಆದರೆ ಉಳಿದ ಊರುಗಳಿಗೆ ಸಿಕ್ಕಿದ ಸಮಯ ನೋಡಿದ ಮೇಲೆ ಮಾವ ಮಾಡಿದ್ದೇ ಸರಿ ಎನ್ನುತ್ತೇನೆ.

ಕಾರಿನ ಡಿಕ್ಕಿಗೆ ಅವರು ಹಾಕಿದ ಸಾಮಾನು: ಕತ್ತಿ, ಹತ್ತು ಮಾರು ಹಗ್ಗ, ಟಾರ್ಚ್, ಹಳೆಯ ಗೋಣಿಚೀಲ ಎರಡು, ಒಂದು ಕೊಡಪಾನ ನೀರು. ನಾನು ಹಾಕಿದ್ದು ಸಂಪರ್ಕ ಸಿಗದ ಕಡೆಗೆಂದು ಮೊದಲೇ ಇಳಿಸಿಟ್ಟುಕೊಂಡ ನಕ್ಷೆ ಮತ್ತು ಚಿಲ್ಲರೆ ನೋಟುಗಳು. ಅಮ್ಮ ಅಕ್ಕಿರೊಟ್ಟಿ, ಚಟ್ನಿಪುಡಿ, ಓಮದ ಡಬ್ಬಿ ತಂದಳು.

ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಹೊರಟೆವು. ಗಾಜನೂರು ದಾಟುವಾಗ ತುಂಗೆಯ ಮೇಲೆ ಹಬೆಯಂತೆ ಮಂಜು ಏಳುತ್ತಿತ್ತು. ಸಕ್ರೆಬೈಲಿನಲ್ಲಿ ಆನೆಗಳನ್ನು ನೀರಿಗಿಳಿಸುವ ಹೊತ್ತಿಗೆ ಇನ್ನೂ ತಡವಿತ್ತು, ಕಾಯಲಿಲ್ಲ. ಮಂಡಗದ್ದೆಯಲ್ಲಿ ನದಿಯ ನಡುಗಡ್ಡೆಯ ಮರಗಳು ಖಾಲಿಯಾಗಿದ್ದವು. ಮಳೆಗಾಲದಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳು ಮರಿಗಳ ಸಮೇತ ಹಾರಿಹೋಗಿದ್ದವು.

ಕುಪ್ಪಳಿಯಲ್ಲಿ ಅರ್ಧ ಗಂಟೆ ಎಂದು ಬರೆದುಕೊಂಡಿದ್ದೆವು, ಎರಡೂವರೆ ಗಂಟೆ ಕಳೆದೆವು. ಕುವೆಂಪು ಅವರ ಮನೆಗೆ ನಾನು ಶಾಲಾ ಮಕ್ಕಳನ್ನು ಕರೆದುಕೊಂಡು ಹಲವು ಸಲ ಹೋಗಿದ್ದೇನೆ. ಫಲಕಗಳನ್ನು ಓದಿಸುತ್ತಾ, ಸಾಲು ತಪ್ಪಿದವರನ್ನು ಗದರಿಸುತ್ತಾ ಹೊರಗೆ ಬಂದಿದ್ದೇನೆ. ಈ ಸಲ ಅಮ್ಮ ಒಂದು ಫಲಕವನ್ನೂ ಓದಲಿಲ್ಲ. ಹೊಸ್ತಿಲು ದಾಟಿದವಳೇ ಕಂಬವನ್ನು ಅಂಗೈಯಿಂದ ಸವರಿದಳು. ಅಡುಗೆಮನೆಯ ಪಾತ್ರೆ ಪದಾರ್ಥಗಳ ಮುಂದೆ ನಿಂತು ಒಂದೊಂದಕ್ಕೂ ತಮ್ಮ ಮನೆಯಲ್ಲಿದ್ದ ಹೆಸರು ಹೇಳಿದಳು. ಕೊಳಗ, ಕಡಗೋಲು, ಮರಿಗೆ, ಬೀಸುಕಲ್ಲು. "ಇಂಥ ಮರಿಗೆ ನಮ್ಮಲ್ಲಿಯೂ ಇತ್ತು. ಗಾಡಿಯಲ್ಲಿ ಜಾಗ ಸಾಲಲಿಲ್ಲ, ಅಲ್ಲೇ ಬಿಟ್ಟೆವು. ಬಾಗಿಲು ಮಾತ್ರ ಬಿಚ್ಚಿ ತಂದೆವು." ಶಿವಮೊಗ್ಗದ ಹತ್ತಿರ ತೋರಿಸಿದ ಕಾಡಿನಲ್ಲಿ ಅಜ್ಜ ಗುಡಿಸಲು ಕಟ್ಟಿ ನಿಲ್ಲಿಸಿದ್ದು ಆ ಬಾಗಿಲನ್ನು. ಅವರು ಉತ್ತು ಬಿತ್ತಿದ ಆ ನೆಲಕ್ಕೆ ಹಕ್ಕುಪತ್ರ ಬರುವುದನ್ನು ಕಾಯುತ್ತಲೇ ತೀರಿಕೊಂಡರು. ಮುಳುಗಡೆಯ ಎಷ್ಟೋ ಕುಟುಂಬಗಳ ಕಥೆ ಅದೇ, ಇವತ್ತಿಗೂ. ಕವಿಶೈಲಕ್ಕೆ ನಾನೊಬ್ಬಳೇ ಹತ್ತಿ ಇಳಿದೆ. ಕೆಳಗೆ ಬಂದಾಗ ಅಮ್ಮ ಇನ್ನೂ ಆ ಜಗಲಿಯ ಹತ್ತಿರವೇ ಇದ್ದಳು.

ರಾತ್ರಿ ಗುಡ್ಡೇಕೇರಿಯ ಬಳಿ ನೆಂಟರ ಮನೆ. ಸಂಜೆ ಆಗುಂಬೆಗೆ ಹೋಗಿ ಸೂರ್ಯಾಸ್ತ ನೋಡುವ ಆಸೆಯಿತ್ತು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು, ಮೋಡಕ್ಕೆ ಹೊತ್ತುಗೊತ್ತಿಲ್ಲ. ಘಾಟಿಯ ತುದಿಯಲ್ಲಿ ನಿಂತಾಗ ಕೆಳಗಿನ ಕರಾವಳಿ ಹತ್ತಿಯಲ್ಲಿ ಮುಚ್ಚಿಹೋಗಿತ್ತು. ಮನೆಗೆ ಬಂದು ಬಿಸಿ ಕಡುಬು ತಿಂದೆವು. ಆ ಮನೆಯ ಅತ್ತೆ ಟಾರ್ಚ್ ಹಿಡಿದು ತೋಟಕ್ಕೆ ಕರೆದುಕೊಂಡು ಹೋಗಿ, ಕೊಳೆರೋಗ ಬಂದು ಉದುರಿದ ಅಡಿಕೆಯನ್ನು ತೋರಿಸಿದರು. ಬೋರ್ಡೋ ಔಷಧಿ ಹೊಡೆಯುವುದಕ್ಕೆ ಮಳೆ ಬಿಡುವು ಕೊಡಲಿಲ್ಲವಂತೆ. ಕಾಲಿಟ್ಟಲ್ಲೆಲ್ಲ ಹಸಿರು ಕಾಯಿ ಪುಟಿಯುತ್ತಿದ್ದವು. ಇಷ್ಟು ಚೆಂದದ ಹಸಿರು ಎಂದು ಆ ದಿನವೆಲ್ಲ ಚಿತ್ರ ತೆಗೆದಿದ್ದ ನಾನು ಆ ಹೊತ್ತಿನಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯಲಿಲ್ಲ.

ಎರಡನೆಯ ದಿನ ತೀರ್ಥಹಳ್ಳಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಯಡೂರಿನ ದಾರಿ ಹಿಡಿದೆವು. ಕಾರನ್ನು ಓಡಿಸುವುದು ನಾನು, ತಿರುವುಗಳನ್ನು ಮುಂಚೆಯೇ ಹೇಳುವುದು ಮಾವ. "ಮುಂದೆ ಎಡಕ್ಕೆ ಮಡಚುತ್ತದೆ, ಹಾರನ್ ಹಾಕು" ಎಂದು ಅವರು ಹೇಳಿದ ಕಡೆಯೆಲ್ಲ ತಿರುವು ಇದ್ದೇ ಇತ್ತು. ಮಾಸ್ತಿಕಟ್ಟೆ ದಾಟಿ ನಗರದ ಕಡೆಗೆ ಹೊರಳಿದ ಮೇಲೆ ಚಿತ್ತೆ ನಮ್ಮನ್ನು ಹುಡುಕಿಕೊಂಡು ಬಂದಳು, ಗಂಟೆ ಇನ್ನೂ ಹನ್ನೊಂದು. ಕಾಲು ಗಂಟೆ ಸುರಿದು ನಿಂತಾಗ ರಸ್ತೆಗೆ ಅಡ್ಡವಾಗಿ ಮರದ ದೊಡ್ಡ ಕೊಂಬೆ ಬಿದ್ದಿತ್ತು. ಮಾವ ಒಂದು ಮಾತೂ ಆಡದೆ ಇಳಿದು ಡಿಕ್ಕಿಯಿಂದ ಕತ್ತಿ ತೆಗೆದರು. ಎದುರಿನಿಂದ ಬಂದ ಬೈಕಿನವರಿಬ್ಬರು, ಹಾಲಿನ ವಾಹನದ ಹುಡುಗ, ಗದ್ದೆಯಿಂದ ಓಡಿಬಂದ ಒಬ್ಬ ಹಿರಿಯರು ಸೇರಿಕೊಂಡರು. ಕಡಿದದ್ದಕ್ಕೆ ಹಗ್ಗ ಬಿಗಿದು ಎಳೆದು ಚರಂಡಿಗೆ ತಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಕಾರಿನೊಳಗಿನಿಂದಲೇ ರೊಟ್ಟಿ ಹಂಚಿದಳು. ನಮ್ಮಲ್ಲಿ ಯಾರೂ ಯಾರ ಹೆಸರನ್ನೂ ಕೇಳಲಿಲ್ಲ, ಊರು ಮಾತ್ರ ಕೇಳಿಕೊಂಡೆವು.

ನಗರ ಒಂದು ಕಾಲಕ್ಕೆ ಬಿದನೂರು. ಕೆಳದಿಯ ಅರಸರು ಕೆಳದಿ, ಇಕ್ಕೇರಿಗಳ ಬಳಿಕ ರಾಜಧಾನಿ ಮಾಡಿಕೊಂಡ ಊರು. ಶಿವಪ್ಪನಾಯಕನ ಶಿಸ್ತು ಎಂದು ಇಂದಿಗೂ ಜನ ನೆನೆಯುವ ಕಂದಾಯದ ವ್ಯವಸ್ಥೆ ನಡೆದದ್ದು ಇಲ್ಲಿಂದ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರ ಎಂದು ಕರೆದ, ಉಳಿದದ್ದು ನಗರ. ಒದ್ದೆಯಾದ ಕೋಟೆಯ ಕಲ್ಲುಗಳ ಮೇಲೆ ಹಾವಸೆ ಬೆಳೆದಿತ್ತು, ಅಕ್ಕ ತಂಗಿಯರ ಕೊಳದಲ್ಲಿ ಮೋಡದ ನೆರಳು. ಬೇರೆ ಯಾರೂ ಇರಲಿಲ್ಲ. ಈ ಕೋಟೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಮೂರನೆಯ ಬೆಳಿಗ್ಗೆ ನಿಟ್ಟೂರಿನ ದಾರಿಯಲ್ಲಿ ಆಕಾಶ ತೊಳೆದಿಟ್ಟಂತೆ ಇತ್ತು. ಎಡಗಡೆ ಕೊಡಚಾದ್ರಿ ಪೂರ್ತಿ ತೆರೆದುಕೊಂಡಿತು, 1343 ಮೀಟರಿನ ಅಷ್ಟೂ ಎತ್ತರ. ಎರಡು ದಿನವೂ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಮ್ಮ ನೆಟ್ಟಗೆ ಕುಳಿತಳು. "ನಮ್ಮ ಅಂಗಳದಿಂದ ಇದು ಕಾಣಿಸುತ್ತಿತ್ತು. ತುದಿಗೆ ಮೋಡ ಕಟ್ಟಿದರೆ ಅವ್ವ ಹರಡಿದ್ದ ಬತ್ತ ಒಳಗೆ ತರಲು ಕೂಗುತ್ತಿದ್ದಳು." ಆಮೇಲೆ ಪ್ರತಿ ತಿರುವಿನಲ್ಲಿಯೂ ಬೆಟ್ಟ ಯಾವ ಕಡೆಗೆ ಹೋಯಿತೆಂದು ಹುಡುಕುತ್ತಿದ್ದಳು.

ತುಮರಿಯಲ್ಲಿ ಚಹಾ ಕುಡಿದೆವು. ಅಂಗಡಿಯ ಹೆಂಗಸು ಸೇತುವೆಗೆ ಮುಂಚಿನ ದಿನಗಳನ್ನು ಹೇಳಿದರು. ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ, ನಿಟ್ಟೂರು, ಹೊಸನಗರ ಸುತ್ತಿಕೊಂಡು ಆಸ್ಪತ್ರೆಗೆ ಹೋಗಬೇಕಿತ್ತು. ನಾಡಿಗೆಲ್ಲ ವಿದ್ಯುತ್ತು ಕೊಡಲು ನಿಲ್ಲಿಸಿದ ನೀರು ಇವರನ್ನು ಅರವತ್ತು ವರ್ಷ ದ್ವೀಪದಲ್ಲಿ ಇಟ್ಟಿತು. "ಈಗ ರಾತ್ರಿ ನಿದ್ದೆ ಬರುತ್ತದೆ" ಎಂದರು ಅವರು. ಸಿಗಂದೂರಿನಲ್ಲಿ ಚೌಡೇಶ್ವರಿಗೆ ಕೈ ಮುಗಿದು ಕಳಸವಳ್ಳಿಗೆ ಬಂದೆವು.

ಸೇತುವೆಯ ಉದ್ದ ಸುಮಾರು 2.4 ಕಿಲೋಮೀಟರ್. ಎರಡೂ ಕಡೆ ಅಂಚಿನವರೆಗೆ ತುಂಬಿದ ಹಿನ್ನೀರು, ಅದರಿಂದ ತಲೆ ಎತ್ತಿದ ಗುಡ್ಡಗಳು, ನಡುವೆ ಎತ್ತರದ ಗೋಪುರಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು. ನಡುವೆ ನಿಲ್ಲಿಸುವುದು ಬೇಡ ಎಂದರು ಮಾವ. ನಾನು ಒಂದೇ ವೇಗದಲ್ಲಿ ಓಡಿಸಿದೆ. ಅಮ್ಮ ಕಿಟಕಿಯ ಗಾಜು ಏರಿಸಿಕೊಂಡು, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕುಳಿತಿದ್ದಳು. ಅವಳು ಏನನ್ನಾದರೂ ಹೇಳುವ ಮೊದಲೇ ಅಂಬಾರಗೋಡ್ಲು ಬಂದುಬಿಟ್ಟಿತು.

ಲಾಂಚ್ ಹತ್ತುತ್ತಿದ್ದ ಕಡೆ ದಡದಲ್ಲಿ ಕುಳಿತು ಉಳಿದ ರೊಟ್ಟಿ ತಿಂದೆವು. ಮಾವ ಜೇಬಿನಿಂದ ಪಟ್ಟಿ ತೆಗೆದು, ಈಗ ಹೊರಟರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿ ಕತ್ತಲೆಗೆ ಮೊದಲು ಸಾಗರ ಸೇರಬಹುದು ಎಂದರು. ಅಮ್ಮ ಕೈ ತೊಳೆದು ಸೆರಗಿನಿಂದ ಒರೆಸಿಕೊಂಡಳು.

"ಅಪ್ಪ ಈ ಕಡೆಗೆ ಬಂದವರು ಮತ್ತೆ ಒಂದು ಸಲವೂ ಆ ಕಡೆಗೆ ಹೋಗಲಿಲ್ಲ. ಸ್ವಲ್ಪ ತಿರುಗಿಸುತ್ತೀಯಾ?"

ಮಾವ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಕಾರು ತಿರುಗಿಸಿದೆ. ಈ ಸಲ ಅಮ್ಮ ಗಾಜು ಇಳಿಸಿದಳು. ಗಾಳಿಗೆ ಕೂದಲು ಹಾರುತ್ತಿದ್ದರೂ ಮುಖ ಒಳಗೆ ತೆಗೆದುಕೊಳ್ಳಲಿಲ್ಲ. ದೂರದಲ್ಲಿ ಕೊಡಚಾದ್ರಿಯನ್ನು ಮೊದಲು ಹುಡುಕಿಕೊಂಡಳು, ಅಲ್ಲಿಂದ ಬೆರಳನ್ನು ಈಚೆಗೆ ತಂದು, ನೀರಿನಿಂದ ಮೇಲೆದ್ದ ಒಂದು ಗುಡ್ಡದ ಮೇಲೆ ನಿಲ್ಲಿಸಿದಳು. ಪತ್ರಿಕೆಯ ಸಾಲಿನ ಮೇಲೆ ಬೆರಳು ನಿಲ್ಲಿಸುವ ಹಾಗೆಯೇ. "ಅದರ ಬುಡ. ಕೆಳಗೆ ಗದ್ದೆ, ಮೇಲೆ ಮನೆ."

ಕಳಸವಳ್ಳಿಯಲ್ಲಿ ಇಳಿದು ಹತ್ತು ನಿಮಿಷ ನಿಂತೆವು. ಮತ್ತೆ ಸಾಗರದ ಕಡೆಗೆ ಹೊರಟಾಗ ಬಿಸಿಲು ಇಳಿಯುತ್ತಿತ್ತು. "ಆವತ್ತು ಗಾಡಿಯವನು ಎತ್ತುಗಳನ್ನು ಬಾರಿಸಿಕೊಂಡು ಓಡಿಸಿದ. ನೀನು ನಿಧಾನವಾಗಿ ಹೋಗು" ಎಂದಳು ಅಮ್ಮ. ವೇಗವನ್ನು ಇಪ್ಪತ್ತಕ್ಕೆ ಇಳಿಸಿದೆ. ಹಿಂದಿನಿಂದ ಬಂದ ಬಸ್ಸು ಸ್ವಲ್ಪ ದೂರ ನಮ್ಮ ಬೆನ್ನಿಗೇ ಬಂತು, ಆಮೇಲೆ ಹಾರನ್ ಹಾಕದೆ ಪಕ್ಕಕ್ಕೆ ಸರಿದು ಮುಂದೆ ಹೋಯಿತು.