ಮೈಸೂರಿನ ಅಂಗಳದಲ್ಲಿ ಕೆಂಪೆಲೆ: ಮೇಪಲ್ ಬದಲಿಗೆ ಬಂದ ನಾಲ್ಕು ಗಿಡಗಳು

ಕುವೆಂಪುನಗರದ ನಮ್ಮ ಮನೆಯ ಮುಂದಿನ ಕಿರಿದಾದ ಜಾಗಕ್ಕೆ ಕೆಂಪೆಲೆಯ ಗಿಡವೊಂದನ್ನು ಆರಿಸುವಾಗ ಮೊದಲು ಪರಿಶೀಲಿಸಿದ್ದು ಜಪಾನೀ ಮೇಪಲ್ ತಳಿಗಳನ್ನು. ಅವುಗಳಲ್ಲಿ ‘ಬ್ಲಡ್‌ಗುಡ್’ ನೆಟ್ಟಗೆ ಬೆಳೆದು ಬೇಸಿಗೆಯಲ್ಲೂ ಕಡುಗೆಂಪನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ‘ಕ್ರಿಮ್ಸನ್ ಕ್ವೀನ್’ ಸೀಳೆಲೆಯ, ಕೊಂಬೆ ಬಾಗಿ ಇಳಿಯುವ ಗಿಡ್ಡ ತಳಿ. ‘ದೆಶೋಜೊ’ ವಸಂತದಲ್ಲಿ ಕೆಂಪಾಗಿ ಚಿಗುರಿ ಬೇಸಿಗೆಯ ಹೊತ್ತಿಗೆ ಹಸಿರಾಗುತ್ತದೆ. ಆದರೆ ಇವೆಲ್ಲವೂ ಎಲೆಯುದುರಿಸಿ, ಚಳಿಗಾಲವನ್ನು ವಿಶ್ರಾಂತಿಯಲ್ಲಿ ಕಳೆದ ಮೇಲೆ ಸರಿಯಾಗಿ ಚಿಗುರುವ ಮರಗಳು. ಡಿಸೆಂಬರ್ ರಾತ್ರಿಗಳಲ್ಲೂ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಮೈಸೂರಿನ ಚಳಿ ಅವುಗಳಿಗೆ ಸಾಲದು. ಆದ್ದರಿಂದ ಇಲ್ಲಿನ ನರ್ಸರಿಗಳಲ್ಲಿ ಸಿಗುವ ನಾಲ್ಕು ಗಿಡಗಳನ್ನು ತಂದು ನೆಟ್ಟಿದ್ದೇನೆ.

ನೋಟದಲ್ಲಿ ಮೇಪಲ್‌ಗೆ ಹೆಚ್ಚು ಸಮೀಪವಾದದ್ದು ಯುಫೋರ್ಬಿಯಾ ಕೊಟಿನಿಫೋಲಿಯಾ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ ಇದರ ತವರು. ಗಿಣ್ಣಿಗೆ ಮೂರರಂತೆ ಉದ್ದ ತೊಟ್ಟಿನ ಎಲೆಗಳಿರುವುದರಿಂದ ಸಣ್ಣ ಗಾಳಿಗೂ ಇಡೀ ಗಿಡ ಅಲುಗುತ್ತದೆ. ದೂರದಿಂದ ಕಪ್ಪಾಗಿ ತೋರುವ ಎಲೆ, ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ದ್ರಾಕ್ಷಾರಸದ ಬಣ್ಣ ತಳೆಯುತ್ತದೆ. ಇದಕ್ಕೆ ಬಿಸಿಲು ಮಾತ್ರ ಕಡ್ಡಾಯ. ಪಕ್ಕದ ಮಹಡಿ ಮನೆಯ ನೆರಳಿಗೆ ಸಿಕ್ಕ ಕೊಂಬೆಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಕಡಿಮೆಯಾಗಿ, ಅದರ ಮರೆಯಲ್ಲಿದ್ದ ಹಸಿರು ಹೊರಬಿದ್ದಿದೆ. ನೆರಳಿನಲ್ಲಿ ಬೆಳೆದ ಕೆಂಪು ಮೇಪಲ್‌ಗಳೂ ಹಸಿರಿಗೆ ತಿರುಗುವುದು ಹೀಗೆಯೇ. ಇನ್ನು, ಚಿಗುರು ಮುರಿದೊಡನೆ ತೊಟ್ಟಿಕ್ಕುವ ಬಿಳಿ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗಂತೂ ಅಪಾಯಕಾರಿ. ಚಿಕ್ಕ ಮಕ್ಕಳು ಓಡಾಡುವ ಬಾಗಿಲ ಬಳಿ ಇದನ್ನು ನೆಡಬಾರದೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಅದು ಕಾಂಪೌಂಡ್ ಮೂಲೆಯಲ್ಲಿದೆ.

ಸಿಜಿಜಿಯಂ ಗಿಡವನ್ನು ಇಲ್ಲಿಯ ದೆಶೋಜೊ ಎನ್ನಬಹುದು. ಅದರ ಚಿಗುರು ಮಾತ್ರ ಕೆಂಪು. ಎಲೆ ಬಲಿತಂತೆ ಹಸಿರಾಗುತ್ತದೆ. ಆಗಾಗ ತುದಿ ಕತ್ತರಿಸುತ್ತಿದ್ದರೆ ಹೊಸ ಚಿಗುರೊಡೆದು ಕೆಂಪು ಮರಳುತ್ತದೆಯಾದರೂ, ಕತ್ತರಿ ಹಿಡಿಯಲು ಬೇಸರಪಡುವವರಿಗೆ ಇದು ಹೇಳಿದ್ದಲ್ಲ. ಅಕಾಲಿಫಾ ಯಾವ ತಕರಾರೂ ಇಲ್ಲದೆ ಬೆಳೆದಿದೆ, ಆದರೆ ಅದರ ತಾಮ್ರಗೆಂಪಿನ ಅಗಲ ಎಲೆಗಳಲ್ಲಿ ಮೇಪಲ್‌ನ ನಾಜೂಕಿಲ್ಲ.

ಐರೆಸೀನ್ ಕುಂಡದಲ್ಲೇ ಉಳಿದಿರುವ ಪುಟ್ಟ ಗಿಡ. ಇದು ದಂಟಿನ ಸೊಪ್ಪಿನ ಕುಟುಂಬಕ್ಕೆ ಸೇರಿದ್ದರಿಂದ ಇದರ ಕೆಂಪು ಆಂಥೋಸಯನಿನ್‌ನದಲ್ಲ. ಬೀಟ್‌ರೂಟ್‌ಗೂ ಕೆಂಪು ದಂಟಿಗೂ ಬಣ್ಣ ಕೊಡುವ ಬೀಟಲೈನ್‌ನದು. ನಮ್ಮಲ್ಲಿ ಬೆಳಗಿನ ಬಿಸಿಲಷ್ಟೇ ಬೀಳುವ ಜಗುಲಿಯಲ್ಲಿ ಬಣ್ಣ ಚೆನ್ನಾಗಿಯೇ ನಿಂತಿದೆ, ನೀರು ತಪ್ಪಿದ ಮಧ್ಯಾಹ್ನ ಮಾತ್ರ ಎಲೆಗಳು ಜೋತುಬೀಳುತ್ತವೆ.

ಮುಂಗಾರು ಹಿಡಿದ ಮೇಲೆ ಯುಫೋರ್ಬಿಯಾದ ನೆರಳು ಬದಿಯ ಕೊಂಬೆಗಳನ್ನು ಕೈಗವಸು ತೊಟ್ಟು ಕತ್ತರಿಸಿ, ಆ ಜಾಗದಲ್ಲಿ ಅಕಾಲಿಫಾದ ಕಡ್ಡಿಗಳನ್ನು ಊರಬೇಕೆಂದಿದ್ದೇನೆ. ಮಳೆಗಾಲದಲ್ಲಿ ಅವು ಸುಲಭವಾಗಿ ಬೇರು ಬಿಡುತ್ತವೆ. ಅರೆನೆರಳಿನಲ್ಲಿ ಅವುಗಳ ಕೆಂಪು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ದಸರೆಯ ಹೊತ್ತಿಗೆ ಬರೆಯುತ್ತೇನೆ.